‘ನಿಮ್ಮ ಮನೆಯವರಿಗೆ ಹೇಳಿ’

ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದೆ. ನೀರು ಎಡಗಡೆಯಿಂದ ಬನಿಯನ್ ಮೇಲೆ ಇಳಿಯಿತು. ಕನ್ನಡಿ ನೋಡಿದೆ. ಮುಖದ ಎಡಭಾಗ ಜೋತುಬಿದ್ದಿತ್ತು. ಹಿಂದಿನ ದಿನವೇ ಹಾಗಾಗಿತ್ತೋ ಏನೋ, ನನಗೆ ಗೊತ್ತಿಲ್ಲ.

ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ನನ್ನ ಹೆಂಡತಿ ಸರಸ ತೀರಿಕೊಂಡು ಆಗ ವರ್ಷ ಕಳೆದಿತ್ತು. ನಮಗೆ ಮಕ್ಕಳಿಲ್ಲ. ಮರ್ಫಿ ಟೌನಿನ ಮನೆಯಲ್ಲಿ ನಾನು, ಟಿವಿ, ಅಷ್ಟೇ. ಸ್ಟ್ರೋಕ್ ಎಂದುಕೊಂಡು ಒಬ್ಬನೇ ಆಟೋ ಹತ್ತಿ ಹಲಸೂರಿನ ಆಸ್ಪತ್ರೆಗೆ ಹೋದೆ. ದಾರಿಯಲ್ಲಿ ಸತ್ತರೆ ಈ ಡ್ರೈವರ್ ಯಾರಿಗೆ ಫೋನ್ ಮಾಡುತ್ತಾನೆ ಎಂದು ಯೋಚಿಸುತ್ತಿದ್ದೆ.

"ಸ್ಟ್ರೋಕ್ ಅಲ್ಲ, ಬೆಲ್ಸ್ ಪಾಲ್ಸಿ," ಎಂದರು ಡಾಕ್ಟರ್. "ಮುಖದ ನರ್ವ್ ವೀಕ್ ಆಗಿದೆ. ಕಣ್ಣು ಮುಚ್ಚಲ್ಲ, ಮಲಗೋವಾಗ ಟೇಪ್ ಹಾಕ್ಬೇಕು. ಮನೇಲಿ ಯಾರಾದ್ರೂ ಹಾಕ್ತಾರಲ್ಲ?"

"ಹೂಂ," ಎಂದೆ.

ಟೇಪನ್ನು ನಾನೇ ಹಾಕಿಕೊಳ್ಳುತ್ತಿದ್ದೆ. ರೆಪ್ಪೆಗೂದಲಿಗೆ ಅಂಟುತ್ತಿತ್ತು. ಅನ್ನ ಕೆನ್ನೆಯೊಳಗೆ ಸಿಕ್ಕಿಕೊಳ್ಳುತ್ತಿತ್ತು. ಅಂಗಡಿಯಲ್ಲಿ ಬೇಳೆ ಎನ್ನಲು ಹೋದರೆ ಬರೀ ಗಾಳಿ. ಕ್ರಮೇಣ ಅಂಗಡಿಗೆ ಹೋಗುವುದನ್ನೇ ಬಿಟ್ಟೆ. ಹೆಂಡತಿ ಹೋದಾಗ ಮನೆ ತುಂಬ ಜನ ಬಂದಿದ್ದರು. ಈ ಸೊಟ್ಟ ಮುಖ ನೋಡಲು ಯಾರು ಬರುತ್ತಾರೆ?

ಫಿಸಿಯೋಥೆರಪಿಯಲ್ಲಿ ಕನ್ನಡಿ ಮುಂದೆ ಕೂತು ಕೆನ್ನೆ ಉಬ್ಬಿಸಬೇಕು, ಸಿಳ್ಳೆ ಹಾಕಬೇಕು. ಪಕ್ಕದಲ್ಲಿ ಫ್ರೋಜನ್ ಶೋಲ್ಡರ್‌ಗೆಂದು ಸ್ಟೆಲ್ಲಾ ಬರುತ್ತಿದ್ದರು. ಕಾಕ್ಸ್ ಟೌನಿನವರು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ನನ್ನ ಸಿಳ್ಳೆ ಕೇಳಿ, "ಕುಕ್ಕರ್ ಗ್ಯಾಸ್ಕೆಟ್ ಹೋಗಿದೆ ಕಣ್ರೀ," ಎಂದರು. ಸಿಟ್ಟು ಬಂತು. ನಗುವೂ ಬಂತು, ಅರ್ಧ. ಅಂದಿನಿಂದ ಇಬ್ಬರೂ ಒಟ್ಟಿಗೇ ಹೊರಟು, ಬೇಕರಿಯಲ್ಲಿ ಟೀ ಕುಡಿದು ಮನೆಗೆ ಹೋಗುತ್ತಿದ್ದೆವು.

ಒಂದು ದಿನ ಹೊಸದಾಗಿ ಬಂದ ಫಿಸಿಯೋಥೆರಪಿಸ್ಟ್ ಹುಡುಗಿ ಸ್ಟೆಲ್ಲಾಗೆ ಹೇಳಿದಳು: "ಮೇಡಂ, ನಿಮ್ಮ ಮನೆಯವರು ಎಕ್ಸರ್‌ಸೈಜ್ ಸರಿಯಾಗಿ ಮಾಡ್ತಿಲ್ಲ. ಸ್ವಲ್ಪ ಹೇಳಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಸ್ಟೆಲ್ಲಾ, "ಹೇಳ್ತೀನಮ್ಮ," ಎಂದುಬಿಟ್ಟರು.

ಸರಸ ಎಂದೂ ನನ್ನ ಹೆಸರು ಹಿಡಿದು ಕರೆದವಳಲ್ಲ. ಅವಳಿಗೆ ನಾನು ಯಾರ ಮುಂದೆಯೂ ‘ನಮ್ಮನೆಯವರು’. ಆ ಮಾತು ಅವಳ ಜೊತೆಗೇ ಮುಗಿದುಹೋಯಿತು ಎಂದುಕೊಂಡಿದ್ದೆ. ಬೇರೊಬ್ಬರ ಪಕ್ಕ ಕೂತು ಅದನ್ನು ಕೇಳಿಸಿಕೊಂಡಾಗ ಅವಳಿಗೆ ದ್ರೋಹ ಮಾಡಿದಂತೆ ಅನಿಸಿತು. ಆದರೂ ತಿದ್ದಲು ಮನಸ್ಸು ಬರಲಿಲ್ಲ.

"ಕೋಪಾನಾ?" ಎಂದು ಬೇಕರಿಯಲ್ಲಿ ಸ್ಟೆಲ್ಲಾ ಕೇಳಿದರು. "ಅವ್ಳಿಗೆ ಎಲ್ಲಾ ಬಿಡಿಸಿ ಹೇಳೋಕೆ ಬೇಜಾರಾಯ್ತು."

"ಇಲ್ಲ. ಆ ಮಾತು ಕೇಳಿ ತುಂಬಾ ದಿನ ಆಗಿತ್ತು."

ಅವರು ತಲೆ ತಗ್ಗಿಸಿ ಟೀ ಕುಡಿದರು.

ಅವರ ಭುಜ ವಾಸಿಯಾಯಿತು. ನಾಳೆಯಿಂದ ಬರುವುದಿಲ್ಲ ಎಂದರು. ಸ್ಟ್ರೋಕ್ ಎಂದುಕೊಂಡ ದಿನಕ್ಕಿಂತ ಹೆಚ್ಚು ಭಯವಾಯಿತು ನನಗೆ. ತೊದಲುತ್ತಲೇ ಕೇಳಿದೆ: "ಇನ್ಮೇಲೆ ನಿಮ್ಮನ್ನ ನೋಡ್ಬೇಕಂದ್ರೆ ಯಾವ ಕಾಯಿಲೆ ತರಿಸ್ಕೊಳ್ಳಲಿ?"

ಅವರು ನಗಲಿಲ್ಲ.

"ಕಾಯಿಲೆ ಯಾಕ್ರೀ? ಭಾನುವಾರ ಚರ್ಚಲ್ಲಿ ಪೂಜೆ ಮುಗಿಸ್ಕೊಂಡು ಬಂದು ಅಡುಗೆ ಮಾಡ್ತೀನಿ. ಊಟಕ್ಕೆ ಬನ್ನಿ."

ಬಾಯಿ ಇನ್ನೂ ಪೂರ್ತಿ ನೇರವಾಗಿಲ್ಲ. ಇಷ್ಟೇ ಉಳಿಯಬಹುದು ಎಂದಿದ್ದಾರೆ ಡಾಕ್ಟರ್. ಇರಲಿ. ವಾರದ ಉಳಿದ ದಿನಗಳಲ್ಲಿ ಮನೆ ಮೊದಲಿನಂತೆಯೇ ಭಣಗುಟ್ಟುತ್ತದೆ. ಸರಸಳನ್ನು ನೆನೆದು ಅಳುವುದೂ ಇದೆ. ಭಾನುವಾರ ಮಾತ್ರ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಕ್ಸ್ ಟೌನಿಗೆ ಹೊರಡುವಾಗ, ಈ ವಯಸ್ಸಿನಲ್ಲಿ, ನನಗೆ ನಾಚಿಕೆಯಾಗುತ್ತದೆ.