ದೆವ್ವದ ಹುಡುಗನಿಗೆ ಅತ್ತೆಯ ಒಪ್ಪಿಗೆ

ಕಳೆದ ಶನಿವಾರ ನಮ್ಮ ಅತ್ತೆ ಒಂದು ದೆವ್ವದ ಜಾತಕ ಕೇಳಿದರು.

ಗಾಬರಿಯಾಗಬೇಡಿ. ಮೈಸೂರಿನಿಂದ ಅಮೆರಿಕದ ಬಾಥೆಲ್‌ನ ನಮ್ಮ ಮನೆಗೆ ಬಂದಿರುವ ಅತ್ತೆ ಗಟ್ಟಿಮುಟ್ಟಾಗಿಯೇ ಇದ್ದಾರೆ. ದೆವ್ವ ಹಿಡಿದಿರುವುದು ಹದಿಮೂರರ ಮಗಳು ಅದಿತಿಗೆ. ಲೈಬ್ರರಿಯಿಂದ ಚೀಲದ ತುಂಬಾ ಜಪಾನಿ ಕಾಮಿಕ್ಸ್ ಹೊತ್ತು ತರುತ್ತಾಳೆ. ಮಾಂಗಾ ಅಂತೆ. ಹುಡುಗಿಯರಿಗೆಂದೇ ಬರೆದದ್ದಂತೆ. ಇಂಗ್ಲಿಷಿಗೆ ತಂದರೂ ಬಲದಿಂದ ಎಡಕ್ಕೇ ಓದಬೇಕಂತೆ. (ಹೋಂವರ್ಕನ್ನು ಮಾತ್ರ ಯಾವ ಕಡೆಯಿಂದಲೂ ಓದುವುದಿಲ್ಲ.)

ಒಂದನ್ನು ತೆಗೆದು ನೋಡಿದೆ. ಹೈಸ್ಕೂಲು ಹುಡುಗಿಗೆ ಹಳೇ ಸೇತುವೆ ಕಾಯುವ ದೆವ್ವದ ಮೇಲೆ ಪ್ರೀತಿ! ದೆವ್ವಕ್ಕೋ ಸೊಂಟದವರೆಗೆ ಕೂದಲು, ಪುಟಕ್ಕೊಂದು ನಿಟ್ಟುಸಿರು. ನಮ್ಮ ಕಾಲದ ದೆವ್ವಗಳು ಹುಣಸೆ ಮರ ಬಿಟ್ಟು ಇಳಿಯುತ್ತಿರಲಿಲ್ಲ. ಅವಕ್ಕೆಲ್ಲ ಲವ್ ಆಗುತ್ತಿತ್ತೇ?

ಇತ್ತ ಅತ್ತೆಯದು ಬೇರೆಯೇ ಸಂಕಟ. ಅದಿತಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಇಂಗ್ಲಿಷ್. ಅತ್ತೆಯ ಇಂಗ್ಲಿಷ್ 'ಥ್ಯಾಂಕ್ ಯೂ'ಗೆ ಮುಗಿಯುತ್ತದೆ. 'ಹಾಯ್ ಅಜ್ಜಿ, ಬೈ ಅಜ್ಜಿ' ಬಿಟ್ಟರೆ ಮಾತೇ ಇಲ್ಲ. "ಮೊಮ್ಮಗಳ ಜೊತೆ ಬಾಯ್ತುಂಬ ಮಾತಾಡೋಣ ಅಂತ ಬಂದೆ ಕಣೇ. ಗೋಡೆ ನೋಡ್ಕೊಂಡು ಕೂತಿದೀನಿ" ಅಂದಾಗ ನನಗೆ ಕರುಳು ಚುರುಕ್ಕೆಂದಿತ್ತು.

ಶನಿವಾರ ಅತ್ತೆಗೆ ಹೇಳಿದೆ: "ನೀವೇ ಸ್ವಲ್ಪ ಬುದ್ಧಿ ಹೇಳಿ, ಈ ದೆವ್ವದ ಪುಸ್ತಕ ಬಿಡ್ಸಿ." (ಮಕ್ಕಳಿಗೆ ಬೈಯುವ ಕೆಲಸವನ್ನು ಊರಿಂದ ಬಂದ ಹಿರಿಯರಿಗೆ ವಹಿಸುವುದು ಇಲ್ಲಿನ ನಮ್ಮವರ ಪದ್ಧತಿ.)

ಅತ್ತೆ ಸೋಫಾದಲ್ಲಿ ಮೊಮ್ಮಗಳ ಪಕ್ಕ ಕೂತರು. ಕನ್ನಡಕ ಏರಿಸಿದರು. "ಯಾರೇ ಇವನು?"

"ಹೀ ಈಸ್ ಎ ಸ್ಪಿರಿಟ್, ಅಜ್ಜಿ."

"ಹಂಗಂದ್ರೆ?"

ಅದಿತಿ ತಡಕಾಡಿದಳು. "ದೆವ್ವ. ಬಟ್... ಒಳ್ಳೇ ದೆವ್ವ."

"ವಯಸ್ಸೆಷ್ಟು?"

"ನಾನೂರು."

"ಅಯ್ಯೋ ಶಿವನೇ! ಜಾತಕ ನೋಡಿದ್ರಾ?"

"ಅಜ್ಜಿ, ಅವನು ಸತ್ತೋಗಿದಾನೆ!"

"ಸತ್ರೇನು, ಹುಟ್ಟಿರ್ತಾನಲ್ವೇನೇ?"

ಅದಿತಿ ಬಿದ್ದು ಬಿದ್ದು ನಕ್ಕಳು. ಅತ್ತೆ ಪುಟ ತಿರುಗಿಸಿದರು. "ಯಾಕೆ ಅಳ್ತಿದಾನೆ? ಇವಳಮ್ಮ ಏನಂದ್ಲು?" ಒಂದೊಂದು ಪ್ರಶ್ನೆಗೂ ಹುಡುಗಿ ತೊದಲುತ್ತಾ, ಕೈಬಾಯಿ ಆಡಿಸುತ್ತಾ ಕನ್ನಡದಲ್ಲೇ ಉತ್ತರ ಕೊಟ್ಟಳು. ಕೊಡದಿದ್ದರೆ ಅಜ್ಜಿ ಪುಟ ತಿರುಗಿಸಲು ಬಿಡಬೇಕಲ್ಲ!

ಊಟಕ್ಕೆ ಕರೆದೆ. "ಇರೇ, ಹುಡುಗಿ ಹೊಳೆಗೆ ಬಿದ್ದಿದಾಳೆ" ಅಂದರು ಅತ್ತೆ, ತಲೆ ಎತ್ತದೆ.

ನಾನು ಸೌಟು ಹಿಡಿದುಕೊಂಡೇ ನಿಂತೆ. ಪ್ರತಿ ಭಾನುವಾರ 405 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಇವಳನ್ನು ಕನ್ನಡ ಕ್ಲಾಸಿಗೆ ಡ್ರೈವ್ ಮಾಡಿ ಕರೆದೊಯ್ದವಳು ನಾನು. ಇವಳ ಬಾಯಿಂದ ಒಂದು ಪೂರ್ತಿ ವಾಕ್ಯ ಹೊರಡಿಸಲು ಆಗಿರಲಿಲ್ಲ. ಜಪಾನಿನ ದೆವ್ವ ಒಂದೇ ಮಧ್ಯಾಹ್ನದಲ್ಲಿ ಮಾಡಿಬಿಟ್ಟಿತು. ಖುಷಿಯಾಯಿತು. ನಿಜ ಹೇಳಲಾ? ಹೊಟ್ಟೆ ಕೂಡ ಉರಿಯಿತು.

"ಪುಸ್ತಕ ಬಿಡ್ಸಿ ಅಂದ್ರೆ ನೀವೇ ಕೂತ್ಬಿಟ್ರಲ್ಲ?" ಎಂದೆ.

"ಹುಡುಗ ಒಳ್ಳೆಯವನು ಕಣೇ, ಸತ್ತಿರೋದೊಂದು ಬಿಟ್ರೆ. ಮುಂದಿನ ಭಾಗ ತರ್ಸು" ಅಂದರು ಅತ್ತೆ.

ಇನ್ನೇನು ಮಾಡಲಿ? ಲೈಬ್ರರಿಗೆ ಹೋಗಿ ತಂದೆ. ತಂದವಳು ನಾನೇ ತಾನೇ ಅಂತ ಸೋಫಾದ ಮೇಲೆ ಅವರಿಬ್ಬರ ಪಕ್ಕ ಜಾಗ ಮಾಡಿಕೊಂಡು ಕೂತೆ. "ನಂಗೂ ಕಥೆ ಹೇಳೇ, ಪುಟ್ಟಿ."

ಮಗಳು ಹುಬ್ಬೇರಿಸಿದಳು. "ಮಾಮ್, ಯೂ ನೋ ಇಂಗ್ಲಿಷ್. ಜಸ್ಟ್ ರೀಡ್ ಇಟ್."

ನನಗೆ ಇಂಗ್ಲಿಷ್ ಬರುತ್ತದೆ ಅಂತ ಇವಳಿಗೆ ಹೇಳಿದವರು ಯಾರು?