ತಿಂಡಿಗೆ ಮುಂಚೆ

ನನ್ನ ಮಗಳಿಗೆ ಮೊದಲ ಸಲ ಫಿಟ್ಸ್ ಬಂದಾಗ ಅವಳಿಗೆ ಹನ್ನೊಂದು ತಿಂಗಳು. ನಾನು ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಕುಲುಮೆ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೆ, ಈಗಲೂ ಅಲ್ಲೇ ಇದ್ದೇನೆ. ಅವತ್ತು ಬೆಳಗಿನ ಪಾಳಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಕೂಗಿದಳು. ಒಳಗೆ ಹೋಗಿ ನೋಡಿದರೆ ಮಗುವಿನ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತ್ತು. ಎಡಗೈ ಒಂದೇ ಸಮ ಅದುರುತ್ತಿತ್ತು. ನನ್ನ ತಾಯಿ ಆ ಪುಟ್ಟ ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸಲು ಒದ್ದಾಡುತ್ತಿದ್ದರು. ಆಟೊ ಹಿಡಿದು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಗು ನಿದ್ದೆ ಹೋಗಿತ್ತು. ಜ್ವರಕ್ಕೆ ಹೀಗಾಗುವುದುಂಟು ಎಂದರು ಅಲ್ಲಿನ ಡಾಕ್ಟರು. ಮಗುವಿಗೆ ಜ್ವರವೇ ಇರಲಿಲ್ಲ.

ಆಮೇಲೆ ಅದು ವಾರಕ್ಕೊಮ್ಮೆ ಬಂತು, ಎರಡು ದಿನಕ್ಕೊಮ್ಮೆ ಬಂತು. ಒಂದು ಸಿರಪ್ಪು ಎರಡಾಯಿತು, ಎರಡರ ಜೊತೆಗೆ ಮಾತ್ರೆ ಸೇರಿತು. ಮಗಳು ಎರಡೂವರೆ ವರ್ಷಕ್ಕೆ ನಡೆದಳು. ನಡೆಯುವಾಗ ಗೋಡೆ ಹಿಡಿಯಬೇಕಿತ್ತು. ಮಾತು ನಾಲ್ಕೈದು ಪದಕ್ಕೇ ನಿಂತಿತು.

ನಮ್ಮ ಫೌಂಡ್ರಿಯಲ್ಲಿ ಅರ್ಧ ಗಂಟೆಗೊಮ್ಮೆ ಕುಲುಮೆಯ ಶಾಖ ಬರೆದಿಡಬೇಕು. ಅದೇ ಅಭ್ಯಾಸದಲ್ಲಿ ಮನೆಯಲ್ಲೂ ಒಂದು ಇನ್ನೂರು ಪುಟದ ನೋಟ್‌ಬುಕ್ಕಿಗೆ ಗೆರೆ ಎಳೆದೆ. ದಿನ, ಹೊತ್ತು, ಎಷ್ಟು ನಿಮಿಷ, ಯಾವ ಕೈ, ಕೊನೆಗೆ ‘ಇತರೆ’. ಗೆರೆ ಎಳೆದವನು ನಾನಾದರೂ ಬರೆದವಳು ಹೆಂಡತಿ. ಹೆಚ್ಚಿನ ಹೊತ್ತು ಮಗುವಿನ ಜೊತೆ ಇದ್ದವಳು ಅವಳೇ. ಡಾಕ್ಟರ ಮುಂದೆ ನೋಟ್‌ಬುಕ್ ಬಿಚ್ಚಿ ಈ ತಿಂಗಳು ಇಷ್ಟು ಸಲ ಎಂದು ಹೇಳುವ ಕೆಲಸ ಮಾತ್ರ ನನ್ನದು.

ಒಂದು ದಿನ ಅವಳು ಹೇಳಿದಳು, “ರೀ, ಇವಳು ತಿಂಡಿ ತಿಂದ್ಮೇಲೆ ಬೇರೆ ಮಗು ಥರ ಆಗ್ತಾಳೆ. ತಿಂಡಿಗೆ ಮುಂಚೆ ನೋಡಿ, ನಿಂತಲ್ಲೇ ಓಲಾಡ್ತಾಳೆ.”

“ಹಸಿದಿರ್ತಾಳೆ ಮಾರಾಯ್ತಿ. ಎಲ್ಲಾ ಮಕ್ಕಳೂ ಹಂಗೇ.”

ಇದೇ ಮಾತನ್ನು ಅವಳು ಮತ್ತೆ ಮತ್ತೆ ಹೇಳಿದಳು, ನಾನೂ ಇದೇ ಉತ್ತರ ಕೊಟ್ಟೆ. ಒಮ್ಮೆ ಡಾಕ್ಟರಿಗೆ ಹೇಳಲು ಬಾಯಿ ತೆರೆದಾಗ, ಹೊರಗೆ ಎಷ್ಟು ಜನ ಕಾಯುತ್ತಿದ್ದಾರೆ ನೋಡು, ಅದೆಲ್ಲ ಬೇಡ ಎಂದು ನಾನೇ ತಡೆದೆ. ಆದರೆ ಅವಳು ನೋಟ್‌ಬುಕ್ಕಿನ ‘ಇತರೆ’ಯಲ್ಲಿ ಬರೆಯುವುದನ್ನು ಬಿಡಲಿಲ್ಲ. ಅದನ್ನು ನಾನು ಓದುತ್ತಿರಲಿಲ್ಲ.

ಮನೆಯಲ್ಲಿ ಇನ್ನೊಂದು ಸಂಕಟವಿತ್ತು. ನನ್ನ ಹೆಂಡತಿ ನನ್ನ ಸೋದರಮಾವನ ಮಗಳು. ತಮ್ಮನ ಮಗಳನ್ನೇ ಸೊಸೆ ಮಾಡಿಕೊಳ್ಳಬೇಕೆಂದು ಹಠ ಹಿಡಿದವರು ನನ್ನ ತಾಯಿ. ರಕ್ತ ಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ಹೀಗಾಗುತ್ತದೆ ಎಂದು ಯಾರೋ ಅವರ ಮುಂದೆ ಅಂದಿದ್ದರು. ಅವತ್ತಿನಿಂದ ಅವರು ನಮ್ಮಿಬ್ಬರ ಮುಖ ನೋಡಿ ಮಾತಾಡುವುದನ್ನು ಕಡಿಮೆ ಮಾಡಿದರು. ಮೊಮ್ಮಗಳಿಗೆ ಫಿಟ್ಸ್ ಬಂದಾಗ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಮಗಳನ್ನು ನೋಡುತ್ತಿದ್ದ ಡಾಕ್ಟರು ಮಕ್ಕಳ ನರರೋಗದ ತಜ್ಞರು, ತಿಂಗಳಿಗೆ ಎರಡು ದಿನ ಶಿವಮೊಗ್ಗಕ್ಕೆ ಬರುತ್ತಿದ್ದರು. ಭದ್ರಾವತಿಯಿಂದ ಬಸ್ಸಿನಲ್ಲಿ ಹೋಗಿ ಚೀಟಿ ಬರೆಸಿ ಕಾಯಬೇಕು. ಅಲ್ಲಿ ಬೆಂಚಿನ ಮೇಲೆ ಸಿಕ್ಕವರು ಹೊಳೆಹೊನ್ನೂರಿನ ಒಬ್ಬ ಹೆಂಗಸು. ಟೈಲರಿಂಗ್ ಮಾಡುತ್ತಿದ್ದರು. ಏಳು ವರ್ಷದ ಮಗನನ್ನು ತೊಡೆಗೆ ಅಡ್ಡ ಮಲಗಿಸಿಕೊಂಡು, ಕಾಯುವಷ್ಟು ಹೊತ್ತೂ ಬ್ಲೌಸುಗಳಿಗೆ ಹುಕ್ಕು ಹೊಲಿಯುತ್ತಿದ್ದರು. ಆ ಮಗ ಒಂದೂವರೆ ವರ್ಷದವರೆಗೆ ಓಡಾಡಿಕೊಂಡಿದ್ದವನು, ಆಮೇಲೆ ಒಂದೊಂದಾಗಿ ಎಲ್ಲ ಮರೆತ. ಈಗ ಕೂರಲೂ ಆಗದು.

“ಎಲ್ಲರೂ ಇಲ್ಲೇ ಬರ್ತೀವಿ, ಇಲ್ಲೇ ಕೂರ್ತೀವಿ, ಒಬ್ಬರ ನಂಬರ್ ಒಬ್ಬರಿಗೆ ಗೊತ್ತಿಲ್ಲ” ಎಂದು ಬೆಂಚಿನಲ್ಲಿದ್ದವರ ನಂಬರುಗಳನ್ನೆಲ್ಲ ಬರೆದುಕೊಂಡವರು ಅವರೇ. ಹತ್ತು ಹನ್ನೆರಡು ಮನೆಗಳಾದವು. ಶಿವಮೊಗ್ಗದ ಆಲ್ಕೊಳ ಸರ್ಕಲ್ ಹತ್ತಿರ ಒಬ್ಬರ ಮನೆಯ ಮಹಡಿ ಖಾಲಿ ಇತ್ತು, ಭಾನುವಾರ ಅಲ್ಲಿ ಸೇರತೊಡಗಿದೆವು. ಯಾವ ಅಂಗಡಿಯಲ್ಲಿ ಯಾವ ಸಿರಪ್ಪು ಸಿಗುತ್ತದೆ, ಅಂಗವಿಕಲರ ಕಾರ್ಡಿಗೆ ಯಾವ ಕಾಗದ ಬೇಕು, ಇಂಥವೇ ಮಾತು. ಮೂರ್ನಾಲ್ಕು ಭಾನುವಾರ ಕಳೆದ ಮೇಲೆ ಆ ಹೊಳೆಹೊನ್ನೂರಿನ ಅಕ್ಕ ಒಂದು ಪ್ರಶ್ನೆ ಎತ್ತಿದರು.

“ಔಷಧಿ ಎಲ್ಲಿ ಸಿಗುತ್ತೆ ಅಂತ ಮಾತಾಡಿದ್ದಾಯ್ತು. ಇದು ಯಾಕೆ ಬರುತ್ತೆ ಅಂತ ಯಾರಾದ್ರೂ ಹುಡುಕ್ತಾ ಇದಾರಾ?”

ನಮಗೆ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಸಲ ಡಾಕ್ಟರನ್ನೇ ಕೇಳಿದೆವು. ಬೆಂಗಳೂರಿನಲ್ಲಿ ಮಕ್ಕಳ ಮಿದುಳಿನ ಕಾಯಿಲೆಗಳ ಮೇಲೆ ಕೆಲಸ ಮಾಡುವ ಒಬ್ಬ ವಿಜ್ಞಾನಿ ಇದ್ದಾರೆ, ನಮ್ಮ ಕಡೆಯ ಕುಟುಂಬಗಳು ಅವರಿಗೆ ಸಿಕ್ಕಿಲ್ಲ, ನೀವೇ ಬರೆಯಿರಿ ಎಂದರು. ಎಲ್ಲರೂ ಸಹಿ ಹಾಕಿ ಒಂದು ಪತ್ರ ಕಳಿಸಿದೆವು. ಉತ್ತರ ಬರುವುದೆಂದು ನನಗೆ ನಂಬಿಕೆಯಿರಲಿಲ್ಲ. ಆ ವಿಜ್ಞಾನಿ ಹದಿನೈದು ದಿನದಲ್ಲಿ ತಾವೇ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಹೆಗಲಿಗೊಂದು ಚೀಲ. ಮಹಡಿಯ ಚಾಪೆಯ ಮೇಲೆ ನಮ್ಮ ಜೊತೆಗೇ ಕೂತರು.

ಮಕ್ಕಳ ರಕ್ತ, ತಂದೆತಾಯಿಯ ರಕ್ತ ಬೇಕು, ಅದರಲ್ಲಿ ವಂಶವಾಹಿಗಳನ್ನು ಓದಿ ಎಲ್ಲಿ ತಪ್ಪಾಗಿದೆ ಎಂದು ಹುಡುಕುತ್ತೇವೆ ಎಂದು ವಿವರಿಸಿದರು. ಆಮೇಲೆ ಒಪ್ಪಿಗೆ ಪತ್ರವನ್ನು ಗಟ್ಟಿಯಾಗಿ ಓದಿದರು. ಈ ಸಂಶೋಧನೆಯಿಂದ ನಿಮ್ಮ ಮಗುವಿಗೆ ನೇರ ಪ್ರಯೋಜನ ಆಗದೇ ಇರಬಹುದು ಎಂಬ ಸಾಲು ಬಂದಾಗ ಎರಡು ಕುಟುಂಬದವರು ಎದ್ದು ಚಪ್ಪಲಿ ಹಾಕಿಕೊಂಡರು.

ಹೊಳೆಹೊನ್ನೂರಿನ ಅಕ್ಕ ಕೇಳಿದರು, “ನನ್ನ ಮಗನಿಗೆ ಆಗಲ್ಲ ಅಂದ್ರೆ ಮತ್ತೆ ಯಾರಿಗೆ ಆಗುತ್ತೆ ಮೇಡಂ?”

“ಗೊತ್ತಿಲ್ಲಮ್ಮ. ನಿಮ್ಮ ಮಗನಿಗೇ ಆಗಬಹುದು. ಮುಂದೆ ಹುಟ್ಟೋ ಇನ್ಯಾರದೋ ಮಗುವಿಗೆ ಆಗಬಹುದು. ಯಾರಿಗೂ ಆಗದೇನೂ ಇರಬಹುದು.”

“ಇಷ್ಟು ವರ್ಷದಲ್ಲಿ ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದವರು ನೀವೊಬ್ಬರೇ. ಕೊಡಿ ಪೆನ್ನು.”

ಅವರು ಸಹಿ ಹಾಕಿದ ಮೇಲೆ ಉಳಿದವರೂ ಹಾಕಿದೆವು.

ಒಬ್ಬೊಬ್ಬರ ವಿವರ ಕೇಳುತ್ತ ನಮ್ಮ ಸರದಿ ಬಂದಾಗ ನಾನು ನೋಟ್‌ಬುಕ್ ಕೊಟ್ಟೆ. ಲೆಕ್ಕ ಹೇಳಲು ಶುರು ಮಾಡಿದೆ. ಆಕೆ ಕೈ ಎತ್ತಿ ನನ್ನನ್ನು ತಡೆದು, ಪುಟ ತಿರುಗಿಸುತ್ತಾ ಹೋದರು. ಬಹಳ ಹೊತ್ತು ಓದಿದರು.

“ಈ ಕೊನೇ ಕಾಲಂ ಬರೆದಿದ್ದು ಯಾರು?”

ಹಿಂದೆ ಮಗುವನ್ನು ಎತ್ತಿಕೊಂಡು ನಿಂತಿದ್ದ ಹೆಂಡತಿ ಹೆದರಿದಳು. “ನಾನೇ ಮೇಡಂ. ಏನಾದ್ರೂ ತಪ್ಪು ಬರ್ದಿದೀನಾ?”

“ಇಲ್ಲಮ್ಮ. ತಿಂಡಿಗೆ ಮುಂಚೆ, ತಿಂಡಿಗೆ ಮುಂಚೆ ಅಂತ ಪುಟಪುಟದಲ್ಲೂ ಇದೆ. ಇದನ್ನ ಡಾಕ್ಟರಿಗೆ ಹೇಳಿದ್ರಾ?”

ಅವಳು ನನ್ನ ಕಡೆ ನೋಡಲಿಲ್ಲ. “ಇಲ್ಲ. ಮುಖ್ಯ ಅಲ್ಲ ಅನ್ಕೊಂಡ್ವಿ” ಎಂದಳು. ‘ಅನ್ಕೊಂಡ್ವಿ’ ಎಂದಳೇ ಹೊರತು, ಇವರು ಬೇಡ ಅಂದರು ಎನ್ನಲಿಲ್ಲ. ಹತ್ತು ಜನರ ನಡುವೆ ನನಗೆ ಮುಖ ಎತ್ತಲಾಗಲಿಲ್ಲ.

ಆ ವಿಜ್ಞಾನಿ ಚಿಕಿತ್ಸೆ ಕೊಡುವ ಡಾಕ್ಟರಲ್ಲ. ಅಲ್ಲಿಂದಲೇ ನಮ್ಮ ಡಾಕ್ಟರಿಗೆ ಫೋನು ಮಾಡಿ ನೋಟ್‌ಬುಕ್ಕಿನ ಸಾಲುಗಳನ್ನು ಓದಿ ಹೇಳಿದರು. ಮಗುವನ್ನು ಕೆಲವು ಗಂಟೆ ಹಸಿದಿಟ್ಟು, ರಕ್ತದ ಸಕ್ಕರೆಯನ್ನೂ ಬೆನ್ನುಹುರಿಯ ನೀರಿನಲ್ಲಿರುವ ಸಕ್ಕರೆಯನ್ನೂ ಒಟ್ಟಿಗೆ ನೋಡಬೇಕು ಎಂದು ತೀರ್ಮಾನವಾಯಿತು. ಬೆಂಗಳೂರಿಗೆ ಹೋಗಿ ಮಾಡಿಸಿದೆವು. ಬೆನ್ನಿಗೆ ಸೂಜಿ ಹಾಕುವಾಗ ಹೆಂಡತಿ ಒಳಗೆ ನಿಂತಳು. ನನ್ನಿಂದ ಆಗಲಿಲ್ಲ, ಹೊರಗೆ ಬಂದೆ.

ರಕ್ತದಲ್ಲಿ ಸಕ್ಕರೆ ಸರಿಯಾಗಿತ್ತು. ಬೆನ್ನುಹುರಿಯ ನೀರಿನಲ್ಲಿ ತೀರಾ ಕಡಿಮೆ ಇತ್ತು. ಮಿದುಳಿಗೆ ಸಕ್ಕರೆ ದಾಟಿಸುವ ಬಾಗಿಲು ಸರಿಯಾಗಿ ತೆರೆಯುತ್ತಿಲ್ಲ, ಹಸಿದಾಗ ಅದು ಇನ್ನೂ ಕಷ್ಟವಾಗುತ್ತದೆ ಎಂದು ಡಾಕ್ಟರು ಹೇಳಿದರು. ಇದಕ್ಕೆ ಒಂದು ದಾರಿ ಇದೆಯಂತೆ. ಮಿದುಳು ಸಕ್ಕರೆಯ ಬದಲು ಕೊಬ್ಬಿನಿಂದ ತಯಾರಾಗುವ ಇನ್ನೊಂದು ಇಂಧನದಲ್ಲೂ ನಡೆಯಬಲ್ಲದು. ಅದಕ್ಕೆ ಊಟವನ್ನೇ ಬದಲಾಯಿಸಬೇಕು. ಅನ್ನ, ರೊಟ್ಟಿ, ಇಡ್ಲಿ, ಬೆಲ್ಲ, ಹಣ್ಣು ಹೆಚ್ಚುಕಡಿಮೆ ಬಂದ್. ಬೆಣ್ಣೆ, ಕೊಬ್ಬರಿ ಎಣ್ಣೆ, ಮೊಟ್ಟೆ, ಸ್ವಲ್ಪ ತರಕಾರಿ. ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ತೂಗಿಯೇ ಕೊಡಬೇಕು, ನಡುನಡುವೆ ರಕ್ತ ಪರೀಕ್ಷೆಗೆ ಬರಬೇಕು.

ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಹೆಂಡತಿಗೆ ಅಡುಗೆ ಕಲಿಸಿ ಕಳಿಸಿದರು. ಮೊದಲ ತಿಂಗಳು ನರಕವೇ. ಮಗಳು ವಾಂತಿ ಮಾಡಿದಳು, ತಟ್ಟೆ ತಳ್ಳಿದಳು. ಅವಳಿಗೆ ಬರುತ್ತಿದ್ದ ನಾಲ್ಕೈದು ಮಾತಿನಲ್ಲಿ ‘ಅನ್ನ’ವೂ ಒಂದು. ಅದನ್ನೇ ಹೇಳಿ ಅಳುತ್ತಿದ್ದಳು. ಅವಳ ಕಣ್ಣಿಗೆ ಬೀಳಬಾರದೆಂದು ನನ್ನ ತಾಯಿ ತಟ್ಟೆ ತೆಗೆದುಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತು ಉಣ್ಣುತ್ತಿದ್ದರು. ಒಮ್ಮೆ ನೆಂಟರೊಬ್ಬರು ಬಂದು, “ಮಗೂಗೆ ಒಂದು ತುತ್ತು ಅನ್ನ ಹಾಕಕ್ಕೂ ನಿಮಗೆ ಕೈ ಬರಲ್ವಾ?” ಎಂದರು. ಹೆಂಡತಿ ತೂಕ ಮಾಡುತ್ತಲೇ ಇದ್ದಳು.

ಆರನೆಯ ವಾರದಲ್ಲಿ ಫಿಟ್ಸ್ ನಿಂತಿತು. ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ, ಹೇಳಿದರೆ ಮತ್ತೆ ಬಂದೀತೆಂಬ ಭಯ. ಒಂದು ಬೆಳಿಗ್ಗೆ ಮಗಳು ಹಾಸಿಗೆಯಿಂದ ಎದ್ದು ಗೋಡೆ ಹಿಡಿಯದೆ ಅಡುಗೆಮನೆಗೆ ನಡೆದು ಬಂದಳು. ಅವಳಿಗೆ ಆಗ ನಾಲ್ಕು ವರ್ಷ ತುಂಬಿತ್ತು. ಹೆಂಡತಿ ತಕ್ಕಡಿಯ ಮೇಲಿದ್ದ ಬೆಣ್ಣೆಯನ್ನು ಹಾಗೆಯೇ ಬಿಟ್ಟು ನೆಲದ ಮೇಲೆ ಕೂತಳು.

“ನೀನು ಎರಡು ವರ್ಷದಿಂದ ಹೇಳ್ತಾ ಇದ್ದೆ” ಎಂದೆ ನಾನು.

“ಹೂಂ” ಎಂದಳು.

ಅಷ್ಟೇ. ಅವಳು ಇವತ್ತಿಗೂ ಅದನ್ನು ಎತ್ತಿ ಆಡಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತೇನೋ.

ಕೆಲವು ತಿಂಗಳ ಮೇಲೆ ವಂಶವಾಹಿಯ ಫಲಿತಾಂಶ ಬಂತು. ಆ ವಿಜ್ಞಾನಿ ನಮ್ಮ ಮನೆಗೇ ಬಂದು ತಿಳಿಸಿದರು. ಬದಲಾವಣೆ ಮಗಳಲ್ಲಿ ಮಾತ್ರ ಇದೆ, ನನ್ನಲ್ಲೂ ಇಲ್ಲ, ನನ್ನ ಹೆಂಡತಿಯಲ್ಲೂ ಇಲ್ಲ. ಮಗುವಿನಲ್ಲೇ ಹೊಸದಾಗಿ ಆದದ್ದು. ಬಾಗಿಲ ಬಳಿ ನಿಂತಿದ್ದ ನನ್ನ ತಾಯಿ ಸ್ವಲ್ಪ ಮುಂದೆ ಬಂದರು.

“ಇವರಿಬ್ರೂ ಸಂಬಂಧದಲ್ಲಿ ಮದುವೆ ಆಗಿರೋದು. ನಾನೇ ಮಾಡ್ಸಿದ್ದು. ಅದಕ್ಕಲ್ವಾ ಮೇಡಂ?”

“ಕೆಲವು ಕಾಯಿಲೆ ಅದರಿಂದ ಬರುತ್ತೆ ಅಜ್ಜಿ. ಇದು ಅದರಿಂದ ಬಂದಿದ್ದಲ್ಲ.”

“ಇನ್ನೊಂದ್ಸಲ ಹೇಳಿ.”

ಆಕೆ ಇನ್ನೊಮ್ಮೆ ಹೇಳಿದರು. ತಾಯಿ ಹೋಗಿ ಕಾಫಿಗೆ ನೀರಿಟ್ಟರು. ಲೋಟ ಕೊಡುವಾಗ ನನ್ನ ಮುಖ ನೋಡಿದರು.

ಇದಾದ ಮೇಲೆ ನಾನು ಮಾಡಿದ್ದನ್ನೂ ಹೇಳಬೇಕು. ಎರಡು ತಿಂಗಳು ಭಾನುವಾರದ ಸಭೆಗೆ ಹೋಗಲಿಲ್ಲ. ಪಾಳಿ ಇದೆ ಎಂದೆ, ಮೈ ಸರಿಯಿಲ್ಲ ಎಂದೆ. ನಿಜ ಹೇಳಬೇಕೆಂದರೆ, ಬೇರೆ ಮಕ್ಕಳನ್ನು ನೋಡುವ ಶಕ್ತಿ ನನಗೆ ಉಳಿದಿರಲಿಲ್ಲ. ನಮ್ಮದು ಮುಗಿಯಿತಲ್ಲ ಎಂಬ ಸ್ವಾರ್ಥವೂ ಇತ್ತು. ಒಂದು ಸಂಜೆ ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ ಹೊಳೆಹೊನ್ನೂರಿನ ಅಕ್ಕ ಸಿಕ್ಕರು. ಮಗನನ್ನು ಹೆಗಲಿಗೆ ಹಾಕಿಕೊಂಡಿದ್ದರು, ಅವನ ಕಾಲು ಅವರ ಮೊಣಕಾಲಿನವರೆಗೆ ಇಳಿದಿತ್ತು. ಮಗಳ ಬಗ್ಗೆ ಕೇಳಿ ಖುಷಿಪಟ್ಟರು. ಆಮೇಲೆ, “ನಿಮಗೆ ಸಿಕ್ತಲ್ಲ ಅಣ್ಣಾ, ಇನ್ನು ನೀವು ಬರಲ್ಲ ಅಂತ ನಾವೆಲ್ಲ ಅನ್ಕೊಂಡ್ವಿ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸಂಜೆ ಮಳೆ ಬರುತ್ತೆ ಎಂದ ಹಾಗೆ ಹೇಳಿದ್ದರು.

ಮುಂದಿನ ಭಾನುವಾರ ಹೆಂಡತಿಯ ಜೊತೆ ಹೋದೆ. ಯಾರೂ ಏನೂ ಕೇಳಲಿಲ್ಲ, ಕೆಲಸಕ್ಕೆ ಹಚ್ಚಿದರು. ಆಗ ಹೊಸ ಕುಟುಂಬಗಳು ಸೇರುತ್ತಿದ್ದವು, ರಕ್ತ ಕೊಡಲು ಪ್ರತಿ ಸಲ ಮಕ್ಕಳನ್ನು ಬೆಂಗಳೂರಿಗೆ ಎತ್ತಿಕೊಂಡು ಹೋಗುವುದು ಕಷ್ಟವಾಗಿತ್ತು. ಶಿವಮೊಗ್ಗದಲ್ಲೇ ರಕ್ತ ತೆಗೆಯಲು ಡಾಕ್ಟರು ಒಪ್ಪಿದರು. ಐಸ್ ತುಂಬಿದ ಥರ್ಮಾಕೋಲ್ ಡಬ್ಬಿಯನ್ನು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಮುಟ್ಟಿಸುವ ಕೆಲಸ ಅಪ್ಪಂದಿರು ಹಂಚಿಕೊಂಡೆವು. ನನ್ನ ರಜೆಯ ದಿನಕ್ಕೆ ನನ್ನ ಸರದಿ. ನಾನು ಮೊದಲು ಒಯ್ದ ಡಬ್ಬಿಯಲ್ಲಿ ಆ ಅಕ್ಕನ ಮಗನ ಎರಡನೆಯ ಸ್ಯಾಂಪಲ್ ಇತ್ತು. ಮೊದಲನೆಯದರಲ್ಲಿ ಏನೂ ಸಿಕ್ಕಿರಲಿಲ್ಲ. ಶಿವಮೊಗ್ಗದಿಂದ ಬೆಂಗಳೂರಿನವರೆಗೆ ಡಬ್ಬಿ ತೊಡೆಯ ಮೇಲೇ ಇತ್ತು.

ಹೆಂಡತಿಗೆ ಬೇರೆ ಕೆಲಸ ಸಿಕ್ಕಿತು. ಅಂಗನವಾಡಿಗಳಲ್ಲಿ ಕೇಳಬಹುದಾದ ಪ್ರಶ್ನೆಗಳ ಒಂದು ಹಾಳೆಯನ್ನು ವಿಜ್ಞಾನಿ ತಯಾರಿಸುತ್ತಿದ್ದರು. ಅದರ ಕನ್ನಡ ಯಾರಿಗೂ ಅರ್ಥವಾಗುವಂತಿರಲಿಲ್ಲ. ಹೆಂಡತಿ ಕೂತು ತಿದ್ದಿದಳು. ‘ಉಪವಾಸ ಸ್ಥಿತಿಯಲ್ಲಿ ಲಕ್ಷಣಗಳ ಉಲ್ಬಣ’ ಎಂದಿದ್ದದ್ದು ‘ತಿನ್ನೋಕೆ ಮುಂಚೆ ಮಗು ಮಂಕಾಗುತ್ತಾ, ತಿಂದ ಮೇಲೆ ಸರಿ ಹೋಗುತ್ತಾ?’ ಎಂದಾಯಿತು. ಹೌದು ಎಂದ ಎರಡು ಮನೆ ಸಿಕ್ಕಿವೆ. ಒಂದರಲ್ಲಿ ಕಾಯಿಲೆ ಬೇರೆಯೇ ಇತ್ತು. ಇನ್ನೊಂದರ ಪರೀಕ್ಷೆ ಇನ್ನೂ ಆಗಬೇಕು.

ಮಗಳಿಗೆ ಈಗ ಒಂಬತ್ತು. ಎರಡನೆಯ ತರಗತಿ. ಮಾತು ನಿಧಾನ, ಲೆಕ್ಕ ಬಾರದು, ಓಡಿದರೆ ಬೀಳುತ್ತಾಳೆ. ಆ ವರ್ಷಗಳಲ್ಲಿ ಹೋದದ್ದು ಪೂರ್ತಿ ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಅಕ್ಕನ ಮಗನ ಎರಡನೆಯ ಸ್ಯಾಂಪಲಿನಲ್ಲೂ ಉತ್ತರ ಸಿಗಲಿಲ್ಲ. ಹೋದ ತಿಂಗಳು ತರೀಕೆರೆ ಕಡೆಯ ಗಂಡ ಹೆಂಡತಿ ಮಗುವನ್ನು ಎತ್ತಿಕೊಂಡು ಮಹಡಿಗೆ ಬಂದರು. ಎಲ್ಲ ಕೇಳಿದ ಮೇಲೆ ಆ ಗಂಡ ಅಕ್ಕನನ್ನು ನೇರವಾಗಿ ಕೇಳಿದ, “ಇದ್ರಿಂದ ನಿಮ್ಮ ಮಗನಿಗೆ ಏನಾದ್ರೂ ಉಪಯೋಗ ಆಯ್ತಾ?”

“ಇಲ್ಲ.”

“ಮತ್ತೆ ಯಾಕೆ ಬರ್ತೀರಿ?”

ಅಕ್ಕ ಮಗನ ಜೊಲ್ಲು ಒರೆಸಿ, ಅವನ ತಲೆಯನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡರು. “ನಮ್ಮ ಮೂರೂ ಜನದ ರಕ್ತ ಅಲ್ಲಿ ಫ್ರಿಜ್ಜಲ್ಲಿದೆ. ಹೊಸದೇನಾದ್ರೂ ಗೊತ್ತಾದಾಗೆಲ್ಲ ಮೇಡಂ ಅದನ್ನ ಮತ್ತೆ ತೆಗ್ದು ನೋಡ್ತಾರೆ. ಏನಾಯ್ತು ಅಂತ ಕೇಳೋಕಾದ್ರೂ ಬರ್ಬೇಕಲ್ಲ.”

ಆ ದಂಪತಿ ಅವತ್ತು ಸಹಿ ಹಾಕಲಿಲ್ಲ. ಹಿರಿಯರನ್ನು ಕೇಳಿ ಹೇಳುತ್ತೇವೆ ಎಂದು ಹೋದರು. ಮುಂದಿನ ಭಾನುವಾರ ಆ ಹೆಂಡತಿ ಒಬ್ಬಳೇ ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಾಯಿಸಿ ಬಂದಳು. ನನ್ನ ಹೆಂಡತಿ ಅವಳಿಗೆ ಚಾಪೆಯಲ್ಲಿ ಜಾಗ ಮಾಡಿಕೊಟ್ಟಳು.