ಕಟ್ಟಡ ಬೇಡವೆಂದ ನರ್ಸಮ್ಮ

ನರ್ಸಮ್ಮನ ಜೊತೆ ಶಿವಮೊಗ್ಗಕ್ಕೆ ಹೋದದ್ದಕ್ಕೆ ನನಗೆ ಒಂದು ದಿನದ ವ್ಯಾಪಾರ ಹೋಯಿತು. ಹೋದರೆ ಹೋಗಲಿ ಎಂದೇ ಸಿಮೆಂಟ್ ಅಂಗಡಿ ಮುಚ್ಚಿದ್ದೆ. ಭದ್ರಾವತಿ ಓಲ್ಡ್ ಟೌನಿನ ವೃದ್ಧರ ಹಗಲು ಕೇಂದ್ರಕ್ಕೆ ಸರ್ಕಾರ ಕಟ್ಟಡ ಕೊಟ್ಟರೆ ಸಿಮೆಂಟನ್ನು ನನ್ನಲ್ಲೇ ಕೊಳ್ಳುತ್ತಾರೆ ಎಂಬ ಲೆಕ್ಕ ನನ್ನದು.

ಅವರು ನಿವೃತ್ತ ನರ್ಸು. ಬಾಡಿಗೆ ಹಾಲ್‌ನಲ್ಲಿ ಆ ಕೇಂದ್ರ ನಡೆಸುತ್ತಿದ್ದರು. ಯಾರಾದರೂ ಮಂಚ, ಟಿವಿ ಕೊಡುತ್ತೇವೆಂದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, "ಸರಿ, ಎತ್ತಿ ಕೂರ್ಸೋರು ಯಾರು?" ಎನ್ನುತ್ತಿದ್ದರು. ಇದ್ದ ಒಬ್ಬ ಆಯಾ ಸಂಬಳ ಸಿಗದೆ ಬಿಟ್ಟುಹೋಗಿದ್ದಳು. ನಡೆಯಲಾಗದ ಮುದುಕರು ಬರುವುದೇ ನಿಂತಿತ್ತು.

ಶಿವಮೊಗ್ಗದ ಕಚೇರಿಯಲ್ಲಿ ಅಧಿಕಾರಿ, "ಕಟ್ಟಡಕ್ಕೆ ಅನುದಾನ ಇದೆ ಅಮ್ಮಾ, ಸಂಬಳಕ್ಕಿಲ್ಲ" ಎಂದರು.

"ಒಪ್ಕೊಳ್ಳಿ ನರ್ಸಮ್ಮ" ಎಂದು ನಾನು ಪಿಸುಗುಟ್ಟಿದೆ.

"ಸುಮ್ನಿರು ಮಾರಾಯ, ನಿನ್ನ ಸಿಮೆಂಟ್ ಎಲ್ಲೂ ಓಡಿಹೋಗಲ್ಲ" ಎಂದವರು ಅಧಿಕಾರಿಯತ್ತ ತಿರುಗಿದರು. "ಸಾರ್, ಕೈ ಊರದೆ ಕುರ್ಚಿಯಿಂದ ಏಳಿ ನೋಡೋಣ."

ದಪ್ಪ ಆಸಾಮಿ, ಪ್ರಯತ್ನಿಸಿ ಮತ್ತೆ ಕುಸಿದು ಕೂತರು. ನರ್ಸಮ್ಮ ಕಂಕುಳಿಗೆ ತೋಳು ಕೊಟ್ಟು ಮೆಲ್ಲಗೆ ಎತ್ತಿ ನಿಲ್ಲಿಸಿದರು.

"ಇದನ್ನ ಗೋಡೆ ಮಾಡಲ್ಲ ಸಾರ್. ಇದಕ್ಕೆ ಸಂಬಳ ಕೊಡಿ."

ಅಧಿಕಾರಿ ನಿಂತಲ್ಲೇ ಕಡತ ತೆರೆದರು.

ಇಬ್ಬರು ಆಯಾಗಳಿಗೆ ಪ್ರಸ್ತಾವನೆ ಹೋಯಿತು, ಒಬ್ಬರಿಗೆ ಮಂಜೂರಾಯಿತು. ನರ್ಸಮ್ಮ ಈಗಿಲ್ಲ. ಎರಡನೆಯ ಹುದ್ದೆ ಇನ್ನೂ ಬಂದಿಲ್ಲ.

ನಿಮ್ಮೂರಿನ ಹಿರಿಯರಿಗಾಗಿ ಸರ್ಕಾರದ ಬಾಗಿಲಿಗೆ ಹೋದರೆ, ಮೊದಲು ನೋಡಿಕೊಳ್ಳುವವರ ಸಂಬಳ ಕೇಳಿ. ಅದು ಪ್ರತಿವರ್ಷದ ಬಜೆಟ್ಟಿನಲ್ಲಿ ಸೇರಲಿ ಎಂದು ಹಟ ಹಿಡಿಯಿರಿ. ಒಬ್ಬರಿಗೆ ಕೊಟ್ಟರೆ ಬೇಡವೆನ್ನಬೇಡಿ. ತೆಗೆದುಕೊಂಡು, ಇನ್ನೊಬ್ಬರಿಗಾಗಿ ಮರುದಿನವೇ ಹೋಗಿ.